ಆನ್‌ಲೈನ್‌ನಲ್ಲಿ ರೀಚಾರ್ಜಬಲ್ ಬ್ಯಾಟರಿ ಕೊಳ್ಳುವಾಗ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ?

ಬೆಲೆಗಿಂತ ಮೊದಲು ಹೊದಿಕೆಯ ಮೇಲೆ ಮುದ್ರಿಸಿರುವ ಸಾಮರ್ಥ್ಯವನ್ನು ನೋಡಿ. ಟಾರ್ಚ್‌ಗಳಲ್ಲಿ ಬಳಸುವ 18650 ಅಳತೆಯ, ಅಂದರೆ 18 ಮಿ.ಮೀ. ವ್ಯಾಸ ಮತ್ತು 65 ಮಿ.ಮೀ. ಉದ್ದದ ಲಿಥಿಯಂ-ಅಯಾನ್ ಸೆಲ್‌ನಲ್ಲಿ, ಹೆಸರಾಂತ ತಯಾರಕರ ಉತ್ತಮ ಮಾದರಿಗಳಲ್ಲೂ ಸಾಮಾನ್ಯವಾಗಿ 3,500 ಎಂಎಎಚ್ (ಮಿಲಿಆಂಪಿಯರ್-ಅವರ್, ಬ್ಯಾಟರಿ ಎಷ್ಟು ವಿದ್ಯುತ್ ಹಿಡಿದಿಡಬಲ್ಲದು ಎಂಬುದರ ಅಳತೆ) ಆಸುಪಾಸಿನ ಸಾಮರ್ಥ್ಯವಷ್ಟೇ ಇರುತ್ತದೆ. ಆದ್ದರಿಂದ ಅದೇ ಅಳತೆಯ ಸೆಲ್ ಮೇಲೆ 9,900 ಎಂದು ಬರೆದಿದ್ದರೆ, ಗ್ರಾಹಕರ ವಿಮರ್ಶೆಗಳು ಎಷ್ಟೇ ಚೆನ್ನಾಗಿದ್ದರೂ ಕೊಳ್ಳಬೇಡಿ. ಎಎ ಗಾತ್ರದ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಗಳಲ್ಲಿ 3,000ಕ್ಕೆ ಮೀರಿದ ಸಂಖ್ಯೆಯನ್ನು ನಂಬುವಂತಿಲ್ಲ.

ಪುಟದಲ್ಲಿ ಬ್ರ್ಯಾಂಡಿನ ಹೆಸರಿದ್ದ ಮಾತ್ರಕ್ಕೆ ಸರಕು ಆ ಕಂಪನಿಯಿಂದಲೇ ಬರುತ್ತದೆ ಎಂದಲ್ಲ. ಮಾರುವವರು ಯಾರೆಂಬುದನ್ನು ಓದಿ, ಆ ಹೆಸರು ತಯಾರಕರ ಜಾಲತಾಣದಲ್ಲಿರುವ ಅಧಿಕೃತ ಮಾರಾಟಗಾರರ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸಿ.

ಕೈಸೇರಿದ ಕೂಡಲೇ ತೂಗಿ ನೋಡಿ. ಅಸಲಿ 18650 ಸೆಲ್ ಸಾಮಾನ್ಯವಾಗಿ 45ರಿಂದ 50 ಗ್ರಾಂ ತೂಗುತ್ತದೆ. ನಕಲಿಯ ಒಳಗೆ ಚಿಕ್ಕ ಸೆಲ್ ಒಂದನ್ನಿಟ್ಟು ಉಳಿದ ಜಾಗಕ್ಕೆ ಪುಡಿ ತುಂಬಿರುವುದೂ ಉಂಟು, ಅಂಥದ್ದು ಬಹಳ ಹಗುರವಾಗಿರುತ್ತದೆ. ಆದರೆ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ತೆಗೆದು ಹೊಸ ಹೊದಿಕೆ ಸುತ್ತಿದ ಸೆಲ್‌ಗಳು ತೂಕದಲ್ಲಿ ಸಿಕ್ಕಿಬೀಳುವುದಿಲ್ಲ. ಅವನ್ನು ಹಿಡಿಯಲು ಸಾಮರ್ಥ್ಯವನ್ನು ಅಳೆಯುವ ಚಾರ್ಜರ್ ಬೇಕು: ಪೂರ್ತಿ ಚಾರ್ಜ್ ಮಾಡಿ, ಅದರಲ್ಲೇ ಖಾಲಿ ಮಾಡಿಸಿ, ತೋರಿಸಿದ ಸಂಖ್ಯೆಯನ್ನು ಮುದ್ರಿತ ಸಂಖ್ಯೆಯೊಂದಿಗೆ ಹೋಲಿಸಿ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಮುಗಿಸಿರಿ. ಹೊದಿಕೆ ಹರಿದ ಅಥವಾ ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾಗುವ ಲಿಥಿಯಂ ಸೆಲ್ ಬೆಂಕಿಗೆ ಕಾರಣವಾಗಬಲ್ಲದು, ಅದನ್ನು ಬಳಸಲೇಬೇಡಿ.