ನಮ್ಮ ಎಣ್ಣೆ ನಾವೇ ತೆಗೆದರೆ ಪೆಟ್ರೋಲ್ ಅಗ್ಗ ಆಗಲ್ವಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಉತ್ತರಿಸುವವರು: ನಿವೃತ್ತ ತೈಲ ಭೂವಿಜ್ಞಾನಿ

ಪೆಟ್ರೋಲ್ ಎರಡು ರೂಪಾಯಿ ಏರಿದರೆ ಸಾಕು, ನನಗೆ ಬರುವ ಪ್ರಶ್ನೆಗಳು ಇಪ್ಪತ್ತು ಪಟ್ಟು ಏರುತ್ತವೆ. ಗುಜರಾತ್, ರಾಜಸ್ಥಾನ, ಮುಂಬೈ ಕಡಲು ಅಂತ ಮೂವತ್ತು ವರ್ಷ ಎಣ್ಣೆ ಬಾವಿ ಕೊರೆಯುವ ರಿಗ್‌ಗಳ ಮೇಲೆ ಕಲ್ಲಿನ ಚೂರು ನೋಡುತ್ತಾ ಕಳೆದವನು ನಾನು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಕೇಳುವುದು ಇದನ್ನೇ. ಹಾಗಾಗಿ ಈ ಸಲ ಒಂದೇ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವು ಒಂದೊಂದು ಸಾಲಿಗೆ ಮುಗಿದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ದೇಶದ ನೆಲದಡಿ ಬೇಕಾದಷ್ಟು ತೈಲ ಇದೆಯಂತೆ. ಅಂಡಮಾನ್ ಹತ್ತಿರವೂ ಏನೋ ಸಿಕ್ಕಿದೆ ಅಂತ ಸುದ್ದಿ ಬಂತು. ಹೊರಗಿಂದ ತರಿಸುವ ಬದಲು ನಾವೇ ಬಾವಿ ಕೊರೆದರೆ ಲೀಟರ್ 50 ರೂಪಾಯಿಗೆ ಸಿಗುತ್ತೆ ಅಲ್ವಾ? ಯಾಕೆ ತೆಗೆಯುತ್ತಿಲ್ಲ? (ದಾವಣಗೆರೆ, ಹಾಸನ, ಪುಣೆ, ದುಬೈ... ಎಲ್ಲ ಕಡೆಯಿಂದ)

ಉತ್ತರ: ಸಿಗಲ್ಲ.

ಮೊದಲಿಗೆ, ತೆಗೆಯುತ್ತಿಲ್ಲ ಅಂತ ಯಾರು ಹೇಳಿದರು? ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲೇ ಎಣ್ಣೆ ಸಿಕ್ಕಿತ್ತು. ಗುಜರಾತಿನ ಅಂಕಲೇಶ್ವರದಲ್ಲಿ 1960ರಲ್ಲಿ ಸಿಕ್ಕಿತು. 1974ರಲ್ಲಿ ‘ಸಾಗರ್ ಸಮ್ರಾಟ್’ ಅನ್ನೋ ರಿಗ್ ಮುಂಬೈ ಕಡಲಿನ ಬಾಂಬೆ ಹೈನಲ್ಲಿ ಎಣ್ಣೆ ಮುಟ್ಟಿತು. 2004ರಲ್ಲಿ ರಾಜಸ್ಥಾನದ ಬಾರ್ಮೇರ್. ಕೊರೆಯುತ್ತಲೇ ಇದ್ದೇವೆ. ಆದರೂ ದೇಶಕ್ಕೆ ದಿನಕ್ಕೆ ಬೇಕಾಗಿರುವುದು ಸುಮಾರು 55 ಲಕ್ಷ ಬ್ಯಾರೆಲ್. ಅದರಲ್ಲಿ ನೂರಕ್ಕೆ 85ಕ್ಕೂ ಜಾಸ್ತಿ ಹೊರಗಿಂದಲೇ ಬರುತ್ತದೆ.

ಈಗ ಬೆಲೆಯ ವಿಷಯ. ನೀವು ಸಾಗರದ ಕಡೆ ಅಡಿಕೆ ಬೆಳೆಗಾರರು ಅಂತ ಇಟ್ಟುಕೊಳ್ಳಿ. ಅಡಿಕೆ ನಿಮ್ಮದೇ ತೋಟದ್ದು, ಕೊಯ್ದಿದ್ದೂ ನೀವೇ. ಹಾಗಂತ ಪಕ್ಕದ ಮನೆಯವರಿಗೆ ಮಂಡಿ ರೇಟಿನ ಅರ್ಧಕ್ಕೆ ಕೊಡ್ತೀರಾ? ತೈಲವೂ ಹಾಗೇ. ಬಾಂಬೆ ಹೈನ ಎಣ್ಣೆಯನ್ನು ಅದರಿಂದ ಪೆಟ್ರೋಲ್ ಮಾಡುವ ರಿಫೈನರಿಗೆ ಮಾರುವುದು ಪ್ರಪಂಚದ ಮಾರುಕಟ್ಟೆಯ ರೇಟಿಗೆ. ಬಾವಿ ಇರಾಕಿನ ಬಸ್ರಾದಲ್ಲಿರಲಿ, ಬಾರ್ಮೇರ್‌ನಲ್ಲಿರಲಿ, ಬಂಕಿನ ಮೀಟರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಅಮೆರಿಕ ನೋಡಿ. 2018ರಿಂದ ಪ್ರಪಂಚದಲ್ಲೇ ಅತಿ ಹೆಚ್ಚು ಕಚ್ಚಾತೈಲ ತೆಗೆಯುವ ದೇಶ. 2022ರ ಜೂನ್‌ನಲ್ಲಿ ಅಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 5 ಡಾಲರ್ ದಾಟಿತು, ಅಲ್ಲಿನವರಿಗೆ ಅದು ದಾಖಲೆ. ಕಾರಣ ಉಕ್ರೇನ್ ಯುದ್ಧ. ಟೆಕ್ಸಾಸ್‌ನ ಬಾವಿಗಳು ಅವರನ್ನು ಕಾಪಾಡಲಿಲ್ಲ. ನಾರ್ವೆಯಂತೂ ಎಣ್ಣೆ ಮಾರಿಯೇ ಶ್ರೀಮಂತವಾದ ದೇಶ. ಯೂರೋಪಿನಲ್ಲಿ ಪೆಟ್ರೋಲ್ ದುಬಾರಿ ಇರುವ ದೇಶಗಳ ಪಟ್ಟಿಯಲ್ಲಿ ಅದೂ ಇರುತ್ತದೆ, ಯಾಕೆಂದರೆ ಅವರು ತೆರಿಗೆ ಹಾಕುತ್ತಾರೆ.

“ಸರ್ಕಾರಿ ಕಂಪನಿ ತಾನೇ, ಅಗ್ಗಕ್ಕೆ ಕೊಡು ಅಂತ ಆದೇಶ ಮಾಡಲಿ” ಅಂತ ಕೇಳುವವರಿದ್ದಾರೆ. ಸ್ವಾಮಿ, ಅದೂ ಆಗಿದೆ. 2003ರ ಆಸುಪಾಸಿನಿಂದ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಎಣ್ಣೆ ತೆಗೆಯುವ ಒಎನ್‌ಜಿಸಿಯಂಥ ಕಂಪನಿಗಳು ರಿಫೈನರಿಗಳಿಗೆ ಡಿಸ್ಕೌಂಟ್ ಕೊಟ್ಟು, ಡೀಸೆಲ್, ಸೀಮೆಎಣ್ಣೆ, ಗ್ಯಾಸನ್ನು ಅಗ್ಗಕ್ಕೆ ಮಾರಿದ ನಷ್ಟದಲ್ಲಿ ಪಾಲು ಹೊತ್ತವು. ಬಂಕಿನಲ್ಲಿ ನಿಮಗೆ ಒಂದೆರಡು ರೂಪಾಯಿ ಉಳಿದಿರಬಹುದು. ಹೊಸ ಬಾವಿ ಹುಡುಕುವುದಕ್ಕೆ ಹೋಗಬೇಕಿದ್ದ ದುಡ್ಡು ಅದು. ಇವತ್ತು “ಯಾಕೆ ಕೊರೆದಿಲ್ಲ” ಅಂತ ಕೇಳುವವರೂ, ಅವತ್ತು “ಅಗ್ಗಕ್ಕೆ ಕೊಡಿ” ಅಂದವರೂ ಒಂದೇ ಜನ. ನನಗೆ ಸಿಟ್ಟು ಬರುವುದು ಇಲ್ಲಿ.

ಇನ್ನು ಕೊರೆಯುವ ಕಷ್ಟ. ನಮ್ಮಣ್ಣ ತೋಟದಲ್ಲಿ ಬೋರ್ ಹಾಕಿಸುವಾಗ ಮನೆಯಲ್ಲೇ ಭೂವಿಜ್ಞಾನಿ ಇದ್ದರೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವನನ್ನು ಕರೆಸಿದ. ನೀರು ಬಂತು. ಇವತ್ತಿಗೂ ಹಬ್ಬಕ್ಕೆ ಹೋದರೆ ಅದನ್ನೇ ಎತ್ತುತ್ತಾನೆ. ಎಣ್ಣೆಗೆ ಅಂಥ ಅದೃಷ್ಟ ಇರಲ್ಲ. ಒಮ್ಮೆ ಒಂದು ಬಾವಿಯಲ್ಲಿ ಎರಡು ತಿಂಗಳು ಕೊರೆದೆವು. ಕೆಸರಿನ ಜೊತೆ ಮೇಲೆ ಬರುವ ಕಲ್ಲಿನ ಚೂರನ್ನು ಜರಡಿಯಿಂದ ತೆಗೆದು, ತೊಳೆದು, ಕತ್ತಲೆ ಪೆಟ್ಟಿಗೆಯೊಳಗೆ ನೇರಳಾತೀತ ದೀಪದ ಕೆಳಗೆ ಇಡುತ್ತೇವೆ. ಎಣ್ಣೆ ಅಂಟಿದ ಚೂರು ಅರಿಸಿನದ ಹಾಗೆ ಹೊಳೆಯುತ್ತದೆ. ರಾತ್ರಿ ಎರಡು ಗಂಟೆಗೆ ಹೊಳೆಯಿತು. ಎಲ್ಲರೂ ಎದ್ದು ಬಂದರು. ಯಾರೋ ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿಸಿದರು. ಹತ್ತು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಬಂದಿದ್ದು ಉಪ್ಪುನೀರು. ಎಣ್ಣೆ ಯಾವತ್ತೋ ಆ ಬಂಡೆ ದಾಟಿಕೊಂಡು ಬೇರೆಲ್ಲೋ ಹೋಗಿತ್ತು, ಬರೀ ಕಲೆ ಉಳಿದಿತ್ತು. ಸಿಮೆಂಟ್ ಸುರಿದು ಮುಚ್ಚಿ ಬಂದೆವು. ಆಳಸಮುದ್ರದಲ್ಲಾದರೆ ಇಂಥ ರಿಗ್ಗಿನ ಒಂದು ದಿನದ ಬಾಡಿಗೆಯೇ ಕೋಟಿಗಳಲ್ಲಿ.

ಸಿಕ್ಕಿದರೂ ಮರುದಿನ ಬಂಕಿಗೆ ಬರಲ್ಲ. ಬಾಂಬೆ ಹೈನಲ್ಲಿ ನೀರು ಆಳ ಇಲ್ಲ, ಹಾಗಾಗಿ ಎರಡೇ ವರ್ಷದಲ್ಲಿ, 1976ಕ್ಕೆ ಎಣ್ಣೆ ಬಂತು. ಬಾರ್ಮೇರ್‌ಗೆ ಐದು ವರ್ಷ ಹಿಡಿಯಿತು, 2009. ಅಲ್ಲಿನ ಕಚ್ಚಾತೈಲದಲ್ಲಿ ಮೇಣ ಜಾಸ್ತಿ. ಬಾಟಲಿಯಲ್ಲಿ ತುಂಬಿಟ್ಟರೆ ಬೂಟ್ ಪಾಲಿಶ್ ತರ ಗಟ್ಟಿಯಾಗಿ ಕೂರುತ್ತದೆ, ತಲೆಕೆಳಗು ಮಾಡಿದರೂ ಬೀಳಲ್ಲ. 600 ಕಿಲೋಮೀಟರ್‌ಗೂ ಉದ್ದದ ಪೈಪನ್ನು ದಾರಿಯುದ್ದಕ್ಕೂ ಬಿಸಿ ಇಟ್ಟುಕೊಂಡು ಗುಜರಾತ್ ಕಡೆ ಸಾಗಿಸಬೇಕಾಯಿತು. ಕೃಷ್ಣಾ-ಗೋದಾವರಿ ಕಡಲಿನಲ್ಲಿ, ಕಾಕಿನಾಡದ ಆಚೆ, ಒಎನ್‌ಜಿಸಿಯ ಆಳಸಮುದ್ರ ಯೋಜನೆಗೆ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ಎಣ್ಣೆ ಬಂದಿದ್ದು 2024ರ ಜನವರಿಯಲ್ಲಿ. ಅದರ ಗುರಿ ದಿನಕ್ಕೆ 45 ಸಾವಿರ ಬ್ಯಾರೆಲ್. ಮೇಲಿನ 55 ಲಕ್ಷದ ಪಕ್ಕದಲ್ಲಿ ಇಟ್ಟು ನೋಡಿ, ನೂರಕ್ಕೆ ಒಂದೂ ಆಗಲ್ಲ. ಜೊತೆಗೆ ಹಳೆ ಬಾವಿಗಳು ಸೊರಗುತ್ತಿವೆ. 2011-12ರಲ್ಲಿ ದೇಶ ಸುಮಾರು 3.8 ಕೋಟಿ ಟನ್ ಕಚ್ಚಾತೈಲ ತೆಗೆದಿತ್ತು, 2023-24ಕ್ಕೆ ಅದು 2.9 ಕೋಟಿ ಟನ್ ಆಸುಪಾಸಿಗೆ ಇಳಿದಿತ್ತು. ಹೊಸದು ಬಂದು ಹಳೆಯ ತೂತು ಮುಚ್ಚಿದರೆ ಅದೇ ದೊಡ್ಡದು.

ಅಂಡಮಾನ್? 2025ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಒಂದು ಬಾವಿಯಲ್ಲಿ ಗ್ಯಾಸ್ ಕಂಡಿದೆ ಅಂತ. ಗ್ಯಾಸ್, ಪೆಟ್ರೋಲ್ ಅಲ್ಲ. ಕಂಡಿದೆ, ಎಷ್ಟಿದೆ ಅಂತ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಅಷ್ಟರೊಳಗೆ ನಾವು ಸೌದಿಗೇ ಸಾಲ ಕೊಡುವ ಮಟ್ಟಕ್ಕೆ ಬಂದುಬಿಟ್ಟಿದ್ದೆವು.

ಹಾಗಾದರೆ ಕೊರೆಯುವುದು ದಂಡವಾ? ಖಂಡಿತ ಅಲ್ಲ. ಒಂದು ಬ್ಯಾರೆಲ್ ಇಲ್ಲೇ ಸಿಕ್ಕರೆ ಅಷ್ಟು ಡಾಲರ್ ಉಳಿಯಿತು, ಸರ್ಕಾರಕ್ಕೆ ರಾಯಲ್ಟಿ ಬಂತು, ಯುದ್ಧದ ಕಾಲಕ್ಕೆ ಸ್ವಲ್ಪ ಧೈರ್ಯ. ಜೀವನವೆಲ್ಲ ಅದೇ ಮಾಡಿದವನು ನಾನು. ಕೊರೆಯಿರಿ, ಜಾಸ್ತಿಯೇ ಕೊರೆಯಿರಿ. ಬಂಕಿನ ಬೋರ್ಡ್ ಇಳಿಯುತ್ತೆ ಅಂತ ಜನರಿಗೆ ಸುಳ್ಳು ಆಸೆ ಮಾತ್ರ ತೋರಿಸಬೇಡಿ.

ಬೋರ್ಡ್ ಯಾಕೆ ಇಳಿಯಲ್ಲ ಅಂತ ಗೊತ್ತಾಗಬೇಕಾದರೆ ಒಂದು ಲೆಕ್ಕ ಹಾಕಿ. ಬ್ಯಾರೆಲ್ ಅಂದರೆ 159 ಲೀಟರ್. ಬ್ಯಾರೆಲ್‌ಗೆ 70 ಡಾಲರ್, ಡಾಲರ್‌ಗೆ 85 ರೂಪಾಯಿ ಅಂತ ಇಟ್ಟುಕೊಂಡರೆ ಲೀಟರ್ ಕಚ್ಚಾತೈಲ ಸುಮಾರು 37 ರೂಪಾಯಿ. ಅದರ ಮೇಲೆ ರಿಫೈನರಿ, ಸಾಗಣೆ, ಬಂಕಿನವರ ಕಮಿಷನ್. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ತೆರಿಗೆ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ಬೆಲೆ (ಮುಂದೆ ಬರುವ ಸರಕಿಗೆ ಈಗಲೇ ಕುದುರಿಸುವ ಬೆಲೆ) ಸೊನ್ನೆಗಿಂತ ಕೆಳಗೆ ಬಿತ್ತು. ಇಲ್ಲಿ ಕೇಂದ್ರ ಸರ್ಕಾರ ಮಾರ್ಚ್‌ನಲ್ಲಿ 3 ರೂಪಾಯಿ, ಮೇನಲ್ಲಿ ಪೆಟ್ರೋಲ್‌ಗೆ 10, ಡೀಸೆಲ್‌ಗೆ 13 ರೂಪಾಯಿ ಅಬಕಾರಿ ಸುಂಕ ಏರಿಸಿ ಇಳಿಕೆಯನ್ನೆಲ್ಲ ನುಂಗಿಕೊಂಡಿತು. ಆಮೇಲೆ 2021 ಮತ್ತು 2022ರಲ್ಲಿ ಸ್ವಲ್ಪ ಇಳಿಸಿತು ಅನ್ನಿ. ರಾಜ್ಯವೇನೂ ಕಮ್ಮಿ ಇಲ್ಲ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 25.92ರಿಂದ 29.84 ಪರ್ಸೆಂಟಿಗೆ ಏರಿಸಿತು, ಬೆಂಗಳೂರಲ್ಲಿ ಲೀಟರ್‌ಗೆ 3 ರೂಪಾಯಿ ಹೆಚ್ಚಾಯಿತು. ಅವತ್ತು ಯಾವ ಬಾವಿಯೂ ಬತ್ತಿರಲಿಲ್ಲ.

ಪ್ರಶ್ನೆ: ಮಂಗಳೂರಲ್ಲೇ ಪೆಟ್ರೋಲ್ ತಯಾರಾಗುತ್ತೆ, ಉಡುಪಿ ಜಿಲ್ಲೆಯ ಪಾದೂರಲ್ಲೂ ತೈಲ ಇದೆಯಂತೆ. ನಮಗಾದರೂ ಕಡಿಮೆಗೆ ಕೊಡಬಾರದಾ?

ಉತ್ತರ: ಎಂಆರ್‌ಪಿಎಲ್ ಅನ್ನೋ ಆ ಮಂಗಳೂರಿನ ರಿಫೈನರಿ ಗಿರಣಿ ಇದ್ದ ಹಾಗೆ, ಗದ್ದೆ ಅಲ್ಲ. ಅಲ್ಲಿಗೆ ಕಚ್ಚಾತೈಲ ಹಡಗಿನಲ್ಲಿ ಬರುತ್ತದೆ. ಪಾದೂರಿನದ್ದು ಬಂಡೆ ಕೊರೆದು ಮಾಡಿದ ಉಗ್ರಾಣ, 25 ಲಕ್ಷ ಟನ್ ಹಿಡಿಸುತ್ತದೆ. ಆಪತ್ಕಾಲಕ್ಕೆ ಅಂತ ಇಟ್ಟಿರುವುದು.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ಪದರ ಬರುತ್ತಿದೆ. ಜಮೀನಿನಲ್ಲಿ ತೈಲ ಇರಬಹುದಾ? ಒಬ್ಬರು ಬಂದು ಪರೀಕ್ಷೆಗೆ 40 ಸಾವಿರ ಕೇಳುತ್ತಿದ್ದಾರೆ. (ತುಮಕೂರು)

ಉತ್ತರ: ಆ ಮನುಷ್ಯನನ್ನು ಗೇಟಿನಿಂದಲೇ ವಾಪಸ್ ಕಳಿಸಿ. ಲಾಲ್‌ಬಾಗಿನ ಬಂಡೆ ನೋಡಿದ್ದೀರಲ್ಲ? ಸುಮಾರು 300 ಕೋಟಿ ವರ್ಷದ ಕಲ್ಲು. ನಿಮ್ಮ ತೋಟದ ಕೆಳಗೂ ಅದೇ ಜಾತಿಯದು. ಎಣ್ಣೆ ಹುಟ್ಟುವುದು ಸಮುದ್ರ, ಕೆರೆಗಳ ತಳದಲ್ಲಿ ಕೂತ ಕೆಸರು ಕಲ್ಲಾದ ಕಡೆ. ಒಂದು ಕಡ್ಡಿಯಿಂದ ಆ ಪದರ ಕದಡಿ. ಹಪ್ಪಳ ಮುರಿದ ಹಾಗೆ ತುಂಡು ತುಂಡಾಗಿ ಬೇರೆ ನಿಂತರೆ ಅದು ನೀರಿನ ಕಬ್ಬಿಣದಿಂದ ಬೆಳೆಯುವ ಬ್ಯಾಕ್ಟೀರಿಯಾದ್ದು, ಗಾಬರಿ ಬೇಡ. ಸುಳಿ ಸುತ್ತಿ ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ: ಒಂದೋ ನಿಮ್ಮ ಪಂಪಿನದು, ಇಲ್ಲಾ ಹತ್ತಿರದ ಬಂಕಿನ ಟ್ಯಾಂಕ್ ಸೋರುತ್ತಿದೆ. ಆಗ ಆ ನೀರು ಕುಡಿಯಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೇಳಿ.

ಪ್ರಶ್ನೆ: ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುವ ವಿದ್ಯೆಯನ್ನು ಕಂಪನಿಗಳು ಮುಚ್ಚಿಟ್ಟಿವೆಯಾ?

ಉತ್ತರ: 1996ರಲ್ಲಿ ತಮಿಳುನಾಡಿನಲ್ಲಿ ಇದೇ ನಾಟಕ ನಡೆಯಿತು, ದೊಡ್ಡದೊಡ್ಡವರೂ ನಂಬಿದರು. 2016ರಲ್ಲಿ ಚೆನ್ನೈನ ಸಿಬಿಐ ಕೋರ್ಟ್ ಆ ನಾಟಕ ಆಡಿದವರಿಗೆ ಜೈಲು ಶಿಕ್ಷೆ ಕೊಟ್ಟಿತು. ಇದನ್ನು ನನಗೆ ಇನ್ನು ಕಳಿಸಬೇಡಿ.

ಪ್ರಶ್ನೆ: ಬೆಳಗಿನ ಜಾವ ಹಾಕಿಸಿದರೆ ಜಾಸ್ತಿ ಬರುತ್ತಾ? 100ರ ಬದಲು 110 ರೂಪಾಯಿಗೆ ಹಾಕಿಸಬೇಕಾ?

ಉತ್ತರ: ಎರಡೂ ಸುಳ್ಳು. ಟ್ಯಾಂಕ್ ನೆಲದಡಿ ಇರುತ್ತದೆ, ಅದಕ್ಕೆ ಬೆಳಗು ಬೈಗು ಗೊತ್ತಿಲ್ಲ. ಅನುಮಾನ ಇದ್ದರೆ ಬಂಕಿನಲ್ಲಿರುವ ಐದು ಲೀಟರ್ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಅನ್ನಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಮುಂದಿನ ವಾರ ಬೆಲೆ ಏರುತ್ತಂತೆ. ನಾಲ್ಕು ಕ್ಯಾನ್ ತುಂಬಿಸಿ ಮನೆಯಲ್ಲಿ ಇಟ್ಟುಕೊಳ್ಳಲಾ?

ಉತ್ತರ: ಏರುತ್ತೋ ಇಳಿಯುತ್ತೋ ನನ್ನನ್ನು ಕೇಳಬೇಡಿ. ಕ್ಯಾನ್ ಮಾತ್ರ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಪಕ್ಕದ ಕೋಣೆಯ ದೇವರ ದೀಪದವರೆಗೂ ಹೋಗುತ್ತದೆ. ನನ್ನ ಸ್ಕೂಟರಿಗೆ ಮೊನ್ನೆ 200 ರೂಪಾಯಿದು ಹಾಕಿಸಿದ್ದೇನೆ, ಮುಗಿದಾಗ ಮತ್ತೆ ಹೋಗುತ್ತೇನೆ.