ಓದುಗರ ಪ್ರಶ್ನೆ, ನಮ್ಮ ಉತ್ತರ: ಧಾರವಾಡದ ಅಹೋರಾತ್ರಿ ಸಂಗೀತ

ಪ್ರಶ್ನೆ: ನಾನು 1980ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯರೊಂದಿಗೆ ಅಹೋರಾತ್ರಿ ಸಂಗೀತ ಕೇಳಲು ಹೋಗುತ್ತಿದ್ದೆ. ಈಚೆಗೆ ಧಾರವಾಡದಲ್ಲೇ ಒಂದು ಕಾರ್ಯಕ್ರಮಕ್ಕೆ ಮಗಳನ್ನು ಕರೆದೊಯ್ದರೆ, ರಾತ್ರಿ ಹತ್ತಕ್ಕೆ ಮೊದಲೇ ಕೊನೆಯ ರಾಗವಾಗಿ ಭೈರವಿ ಹಾಡಿ ಮುಗಿಸಿದರು. ಬೆಳಗಿನವರೆಗೆ ಕೂತು ಕೇಳುವ ರಸಿಕರೇ ಇಲ್ಲವಾದರೇ?
– ನಿವೃತ್ತ ಅಧ್ಯಾಪಕರು, ಶಿರಸಿ

ಉತ್ತರ: ತಪ್ಪೆಲ್ಲ ರಸಿಕರದೇ ಎನ್ನಲಾಗದು. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದ್ದು, ಸಾಂಸ್ಕೃತಿಕ ಹಾಗೂ ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ಮಾತ್ರ ರಾಜ್ಯ ಸರ್ಕಾರಕ್ಕಿದೆ. ಪೆಂಡಾಲಿನ ಅಹೋರಾತ್ರಿಗೆ ಈ ನಿಯಮ ಅಡ್ಡಬಂತು. ಮುಚ್ಚಿದ ಸಭಾಂಗಣಗಳಿಗೆ ಅದರಲ್ಲೇ ವಿನಾಯಿತಿ ಇದೆಯಾದರೂ, ಇಡೀ ರಾತ್ರಿಯ ಬಾಡಿಗೆ ಮತ್ತು ಮರುದಿನದ ನೌಕರಿಯ ಲೆಕ್ಕ ಹಾಕುವ ಸಂಘಟಕರು ಅದನ್ನು ಬಳಸಿಕೊಳ್ಳುವುದು ಅಪರೂಪ.

ನಷ್ಟವಾದದ್ದು ಗಂಟೆಗಳ ಸಂಖ್ಯೆಯಲ್ಲ, ಹೊತ್ತು. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೂ ವೇಳೆಗೂ ನಂಟಿರುವುದರಿಂದ ಸಂಜೆ ಆರರಿಂದ ಹತ್ತರೊಳಗಿನ ಕಛೇರಿಗಳಲ್ಲಿ ಯಮನ್, ಪೂರಿಯಾ, ಬಾಗೇಶ್ರೀಗಳೇ ಮತ್ತೆ ಮತ್ತೆ ಬರುತ್ತವೆ. ಸರಿರಾತ್ರಿ ದಾಟಿದ ಮೇಲಿನ ಮಾಲಕಂಸಕ್ಕೆ, ಎರಡೂ ಮಧ್ಯಮಗಳನ್ನು ('ಮ' ಸ್ವರದ ಎರಡು ರೂಪಗಳನ್ನು) ಅಕ್ಕಪಕ್ಕದಲ್ಲೇ ಇಟ್ಟುಕೊಂಡು ನಸುಕಿನಲ್ಲಿ ಬಿಚ್ಚಿಕೊಳ್ಳುವ ಲಲಿತಕ್ಕೆ ಜಾಗವೇ ಉಳಿಯುವುದಿಲ್ಲ. ಭೈರವಿ ಮುಂಜಾನೆಯ ರಾಗವೇ ಹೌದು. ಕಛೇರಿ ಮುಗಿಯುವಾಗ ಯಾವ ಹೊತ್ತಿಗಾದರೂ ಅದನ್ನು ಹಾಡುವ ರೂಢಿ ಇರುವುದರಿಂದ ಕಲಾವಿದರನ್ನು ದೂರುವಂತಿಲ್ಲ. ಆದರೆ ಲಲಿತ ಕೇಳಿದ ಕಿವಿಗೆ, ಹೊರಗೆ ಬೆಳಕು ಹರಿಯುತ್ತಿರುವಾಗ ಬೀಳುವ ಭೈರವಿಯೇ ಬೇರೆ.

ಒಂದು ತಪ್ಪೊಪ್ಪಿಗೆ: ಅದೇ ಊರಿನಲ್ಲಿ ಓದಿದ ನಾವು ಬೆಳಗಿನವರೆಗೆ ಕೂತದ್ದು ಪೂರ್ತಿ ರಸಿಕತೆಯಿಂದಲ್ಲ. ಕೊನೆಯ ಬಸ್ಸು ಹೋಗಿರುತ್ತಿತ್ತು, ಹಾಸ್ಟೆಲಿನ ಗೇಟು ಹಾಕಿರುತ್ತಿತ್ತು, ಜಮಖಾನೆಯ ಮೂಲೆಯಲ್ಲಿ ತೂಕಡಿಸುತ್ತ ಕೂತವನನ್ನು ವಿಲಂಬಿತದ (ನಿಧಾನ ಲಯದ ಹಾಡಿಕೆಯ) ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬಂದಾಗ ಪಕ್ಕದ ಅಜ್ಜನ 'ಕ್ಯಾ ಬಾತ್ ಹೈ' ಎಚ್ಚರಿಸುತ್ತಿತ್ತು. ಹಾಗೆ ನಿರುಪಾಯದಿಂದ ಕೂತೇ ಅರ್ಧ ಧಾರವಾಡ ಸಂಗೀತ ಕಲಿತದ್ದು ಎಂದು ನನಗೆ ಗುಮಾನಿ. ನಿಮ್ಮ ಮಗಳಿಗೆ ಲಲಿತ ಕೇಳಿಸಬೇಕಿದ್ದರೆ, ಮಹಾರಾಷ್ಟ್ರದ ಊರುಗಳಲ್ಲಿ ದೀಪಾವಳಿಯ ನಸುಕಿನಲ್ಲಿ ನಡೆಯುವ 'ದಿವಾಳಿ ಪಹಾಟ್' ಕಛೇರಿಗಳಿಗೆ ಕರೆದೊಯ್ಯಿರಿ.

ಪ್ರಶ್ನೆ: ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರು ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿದ್ದರೆಂಬುದು ನಿಜವೇ?
– ವಿದ್ಯಾರ್ಥಿನಿ, ಗದಗ

ಉತ್ತರ: ನಿಜ. ಮನ್ಸೂರರು (1910–1992) ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ನಿರ್ದೇಶಕರಾಗಿದ್ದರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು ಅಲ್ಲಿ ಗೌರವ ಪ್ರಾಧ್ಯಾಪಕಿಯಾಗಿದ್ದರು. ಒಬ್ಬರದು ಎರಡು ರಾಗ ಬೆಸೆದ ಜೋಡರಾಗಗಳನ್ನು ಲೀಲೆಯಿಂದ ನಡೆಸುವ ಜೈಪುರ-ಅತ್ರೌಲಿ ಘರಾಣೆ (ಗಾಯನ ಪರಂಪರೆ), ಇನ್ನೊಬ್ಬರದು ಸ್ವರ ಸ್ವರಕ್ಕೂ ನಿಧಾನವಾಗಿ ಹೆಜ್ಜೆ ಇಡುವ ಕಿರಾನಾ. ಪಠ್ಯಕ್ರಮ, ಪರೀಕ್ಷೆ, ಅಂಕಪಟ್ಟಿಗಳ ಕಟ್ಟಡದೊಳಗೆ ಈ ಎರಡು ದಾರಿಗಳೂ ಒಟ್ಟಿಗೆ ಕಿವಿಗೆ ಬೀಳುತ್ತಿದ್ದವಲ್ಲ, ಅಂದಿನ ವಿದ್ಯಾರ್ಥಿಗಳ ಮೇಲೆ ನನಗೆ ಇಂದಿಗೂ ಹೊಟ್ಟೆಕಿಚ್ಚು. ಅಂದಹಾಗೆ ಗಂಗೂಬಾಯಿಯವರು ತಾವು ಕಲಿಯುವಾಗ ಗುರು ಸವಾಯಿ ಗಂಧರ್ವರ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು.