ರೆಟಿನಾಲ್ ಒಗ್ಗದವರು ಬಾಕುಚಿಯೋಲ್ ಹಚ್ಚಬಹುದಾ?

ಸುಕ್ಕು, ಕಲೆ ಕಡಿಮೆ ಮಾಡಲು ಬಳಸುವ ರೆಟಿನಾಲ್ (ವಿಟಮಿನ್ ಎ ರೂಪ) ಹಚ್ಚಿದರೆ ಮುಖ ಉರಿದು ಸಿಪ್ಪೆ ಏಳುತ್ತದೆ, ಅದರ ಬದಲು ಗಿಡದಿಂದ ತೆಗೆದ ಬಾಕುಚಿಯೋಲ್ ಹಚ್ಚಬಹುದಾ, ಅಪಾಯ ಇಲ್ಲವಾ ಅಂತ ಕೇಳಿದ್ದೀರಿ. ನನಗೂ ಹಾಗೇ ಆಗಿತ್ತು. ಬಾಯಿಯ ಸುತ್ತ ಚರ್ಮ ಸುಲಿದು, ಬರೀ ನೀರು ತಾಗಿದರೂ ಚುರುಗುಟ್ಟುತ್ತಿತ್ತು. ಈಗ ಒಂದು ವರ್ಷದಿಂದ ಬಾಕುಚಿಯೋಲ್ ಹಚ್ಚುತ್ತಿದ್ದೇನೆ, ಉರಿ ಇಲ್ಲ. ನೀವೂ ಹಚ್ಚಿ ನೋಡಬಹುದು. ಆದರೆ ಕೊಳ್ಳುವ ಮೊದಲು ಬಾಟಲಿಯ ಮೇಲಿನ ಹೆಸರನ್ನು ಸರಿಯಾಗಿ ಓದಿ.

ಬಾಕುಚಿಯೋಲ್ ಬರುವುದು ಬಾವಂಚಿ ಬೀಜದಿಂದ. ಅದೇ ಬೀಜದಲ್ಲಿ ಸೊರಾಲೆನ್ ಕೂಡ ಇದೆ. ಸೊರಾಲೆನ್ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಕಪ್ಪು ಕಲೆ ಉಳಿಯಬಹುದು. ತೊನ್ನಿಗೆ ವೈದ್ಯರು ಸೊರಾಲೆನ್ ಕೊಟ್ಟು, ಅಳತೆ ನೋಡಿ ನೇರಳಾತೀತ ಬೆಳಕು ಬಿಡುವುದು ಇದೇ ಗುಣವನ್ನು ಬಳಸಿಕೊಂಡು. ಅಳತೆಯಿಲ್ಲದೆ ಮುಖಕ್ಕೆ ಬಳಿದುಕೊಳ್ಳುವ ವಸ್ತು ಅದಲ್ಲ. ಸೀರಮ್‌ಗೆ ಬೇಕಾದದ್ದು ಸೊರಾಲೆನ್ ತೆಗೆದು ಶುದ್ಧ ಮಾಡಿದ ಬಾಕುಚಿಯೋಲ್. ಹಾಗಾಗಿ ‘ಬಾವಂಚಿ ಎಣ್ಣೆ’ ಅಂತ ಇದ್ದರೆ ಬಿಟ್ಟುಬಿಡಿ. ಬೀಜ ಅರೆದು ಹಚ್ಚುವುದಂತೂ ಬೇಡವೇ ಬೇಡ.

ಫಲ ಇದೆಯಾ ಅಂದರೆ, ಇದೆ. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಬಂದ ಅಧ್ಯಯನದಲ್ಲಿ 44 ಜನ 12 ವಾರ ಹಚ್ಚಿ ನೋಡಿದರು. ಕೆಲವರಿಗೆ ಶೇ. 0.5ರ ಬಾಕುಚಿಯೋಲ್ ದಿನಕ್ಕೆ ಎರಡು ಸಲ, ಉಳಿದವರಿಗೆ ಶೇ. 0.5ರ ರೆಟಿನಾಲ್ ಒಂದು ಸಲ. ಸುಕ್ಕು, ಕಪ್ಪು ಕಲೆ ಎರಡೂ ಗುಂಪಿನವರಲ್ಲಿ ಕಡಿಮೆಯಾದವು. ಉರಿ, ಸಿಪ್ಪೆ ರೆಟಿನಾಲ್‌ನಲ್ಲೇ ಜಾಸ್ತಿ. ಆದರೆ 44 ಜನ ಅಂದರೆ ಸಣ್ಣ ಗುಂಪು ಅಲ್ವಾ? ರೆಟಿನಾಲ್ ಕುಟುಂಬದ ಹಿಂದೆ ದಶಕಗಳ ಅಧ್ಯಯನ ಇದೆ, ಇದಕ್ಕೆ ಅಷ್ಟಿಲ್ಲ.

ಸುಲಿದ ಚರ್ಮ ಪೂರ್ತಿ ಮಾಗಲಿ. ಆಮೇಲೆ ಮೊಣಕೈ ಒಳಗೆ ನಾಲ್ಕೈದು ದಿನ ಹಚ್ಚಿ ನೋಡಿ, ಇದಕ್ಕೂ ಅಲರ್ಜಿ ಆದವರಿದ್ದಾರೆ. ಏನೂ ಆಗದಿದ್ದರೆ ಒಂದು ದಿನ ಬಿಟ್ಟು ಒಂದು ದಿನ, ರಾತ್ರಿ ಹೊತ್ತು ಶುರುಮಾಡಿ. ಮೇಲೆ ಮಾಯಿಶ್ಚರೈಸರ್ ಇರಲಿ. ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಮೂರು ತಿಂಗಳಾದರೂ ತಾಳ್ಮೆ ಬೇಕು. ನನಗೆ ಮೊದಲು ತಿಳಿಯಾದದ್ದು ಕೆನ್ನೆಯ ಕಲೆ, ಕಣ್ಣಂಚಿನ ಗೆರೆ ನಿಧಾನ.

ಗರ್ಭಿಣಿಯಾಗಿದ್ದರೆ ಮಾತ್ರ ‘ಗಿಡದ್ದು ತಾನೇ’ ಅಂತ ಸುಮ್ನೆ ಹಚ್ಚಬೇಡಿ. ಗರ್ಭಿಣಿಯರ ಮೇಲೆ ಇದನ್ನು ಸರಿಯಾಗಿ ಪರೀಕ್ಷಿಸಿಲ್ಲ. ನಿಮ್ಮ ವೈದ್ಯರಿಗೆ ಬಾಟಲಿ ತೋರಿಸಿಯೇ ಶುರುಮಾಡಿ.